ಬುಸಿಯಾದಲ್ಲಿ ಚಿಲ್ಲರೆ

ಕೀನ್ಯಾದಲ್ಲಿ ಒಂದು ಕಾಲು, ಉಗಾಂಡಾದಲ್ಲಿ ಇನ್ನೊಂದು.
ಎಗೆಸನ ಸ್ಟೂಲಿಗೆ ಮೂರನೆಯದೂ ಇದೆ,
ಅದು ಚರಂಡಿಯ ಮೇಲಿನ ಹಲಗೆಯಲ್ಲಿ.

ಹೊಟ್ಟೆಗೆ ಕಟ್ಟಿದ ಚೀಲದೊಳಗೆ
ಎರಡು ದೇಶದ ಶಿಲ್ಲಿಂಗು
ಬೆವರಿಗೆ ಅಂಟಿಕೊಂಡಿವೆ, ಯಾವ ಒಪ್ಪಂದಕ್ಕೂ ಕಾಯದೆ.

ರೇಡಿಯೋ ಹೇಳಿತು: ನಾಣ್ಯ ಒಂದಾಗುತ್ತದೆ.
ಸುಂಕ ಹೋಯಿತು, ಸುಂಕದವನು ಹೋಗಿಲ್ಲ;
ಇವತ್ತೂ ಬುಟ್ಟಿಯಿಂದ ದಪ್ಪ ಮೀನೊಂದನ್ನು ಎತ್ತಿಕೊಂಡ.
"ಯಾವಾಗಂತೆ?" ಎಂದಳು ಮೀನಿನ ನಬ್ವಿರೆ.
"ಅದೇ. ಮುಂದಿನ ವರ್ಷ."
ಹತ್ತು ವರ್ಷದಿಂದ ಮುಂದಿನ ವರ್ಷ.

ಅವಳ ಮುತ್ತಜ್ಜಿ
ಆಚೆಯ ಬಾವಿಯಿಂದ ನೀರು ತಂದು
ಈಚೆಯ ಒಲೆಯಲ್ಲಿ ಗಂಜಿ ಕಾಯಿಸಿದವಳು,
ಆಚೆ ಈಚೆ ಎಂಬುದು ಹುಟ್ಟುವ ಮೊದಲೇ.
"ಒಂದು ಮಾಡ್ತಾರಂತೆ!
ಬೇರೆ ಮಾಡುವಾಗ ಯಾರನ್ನು ಕೇಳಿದ್ದರು?"

ಎಗೆಸ ಬೆರಳು ನೆಕ್ಕಿ ಎಣಿಸುತ್ತಾನೆ.
ಒಂದು ನೋಟು ಹೆಚ್ಚಾಯಿತು, ಹಿಂದೆ ತೆಗೆದ.
ಅವಳು ನೋಡಿದಳು, ಸುಮ್ಮನಿದ್ದಳು,
ಅವನ ಹಸಿವಿಗೂ ಒಂದು ದರ ಇದೆ.

ನೋಟೆಲ್ಲ ಒಂದೇ ಆದ ದಿನ
ಈ ಸ್ಟೂಲು ಎಲ್ಲಿ ಕೂರಬೇಕು?
ಮಗನಿಗೆ ಮಾತ್ರ ಹೇಳಿಟ್ಟಿದ್ದಾನೆ:
ಚೀಲ ಬೇಕಾದರೆ ಸುಟ್ಟುಬಿಡು,
ಹಲಗೆ ತೆಗೀಬೇಡ.
ಚರಂಡಿಯನ್ನು ಯಾವ ಸರ್ಕಾರವೂ
ತನ್ನದು ಅನ್ನುವುದಿಲ್ಲ,
ಜನ ದಾಟಲೇಬೇಕು.