ತಪ್ಪಿಲ್ಲದ ಕಾಗದ

ಮೂವತ್ತೆಂಟು ವರ್ಷ ಕಯಾನಿಯ ಶಾಲೆಯಲ್ಲಿ
ಫಿನ್ನಿಶ್ ಕಲಿಸಿದವಳು ನಾನು.
ನಮ್ಮ ನುಡಿಗೆ ಹದಿನೈದು ವಿಭಕ್ತಿ:
ಒಳಗೆ ಅನ್ನಲು ಒಂದು, ಒಳಗಿನಿಂದ ಅನ್ನಲು ಒಂದು,
ಇಲ್ಲದೆ ಅನ್ನಲಿಕ್ಕೂ ಒಂದು.
ಹೊರಗಿನ ಕಳ್ಳ ಯಾವನೇ ಬರಲಿ
ಈ ಬೇಲಿಗೆ ಅಂಗಿ ಸಿಕ್ಕಿಸಿಕೊಳ್ಳುತ್ತಿದ್ದ.

‘ಮಾನ್ಯ ಗ್ರಾಹಕದಿಂದ, ನಿನ್ನ ಖಾತೆಯನ್ನು ಬೀಗ ಬಿದ್ದಿದೆ’
ಇಂಥ ಮೇಲ್ ಬಂದರೆ ನನಗೆ ಹಬ್ಬ.
ಅಚ್ಚು ತೆಗೆದು, ಕೆಂಪು ಪೆನ್ನಲ್ಲಿ ತಿದ್ದಿ,
ಫೇಲಾದವರಿಗೆ ಕೊಡುವ ನಾಲ್ಕು ಅಂಕ ಕೊಟ್ಟು
ಮೆಟ್ಟಿಲ ಬಳಿಯ ಹಲಗೆಗೆ ಚುಚ್ಚುತ್ತಿದ್ದೆ.
‘ತಪ್ಪು ಹುಡುಕಿ’ ಎನ್ನುತ್ತಿದ್ದೆ ಸಿಕ್ಕವರಿಗೆಲ್ಲ,
‘ತಪ್ಪಿದ್ದರೆ ಕಳ್ಳ.’
ಇಲ್ಲದಿದ್ದರೆ? ಎಂದು ಯಾರೂ ಕೇಳಲಿಲ್ಲ.

ಡಿಸೆಂಬರು. ಮಧ್ಯಾಹ್ನ ಮೂರಕ್ಕೇ ಕತ್ತಲು.
ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ
ಮೂರನೇ ಮಹಡಿಯ ಉರ್ಪೊ,
ಸರಕು ರೈಲು ಓಡಿಸಿದವನು, ವರ್ಷಕ್ಕೆ ನಾಲ್ಕು ಮಾತಿನವನು,
ಯಂತ್ರದೊಳಗೆ ತಿರುಗುವ ತನ್ನ ಅಂಗಿಯನ್ನೇ ನೋಡುತ್ತ ಹೇಳಿದ:
‘ಎರಡು ಸಲ ಓದಿದೆ, ಟೀಚರ್.
ನೀವು ಹೇಳಿದ ಹಾಗೆ ಬೆರಳಿಟ್ಟು ಓದಿದೆ.
ಒಂದು ತಪ್ಪೂ ಇರಲಿಲ್ಲ.’

ಹನ್ನೊಂದು ಸಾವಿರದ ನಾನ್ನೂರು ಯೂರೋ.
ದೋಣಿಗೊಂದು ಮೋಟಾರು, ಉಳಿದದ್ದು ಮಣ್ಣಿನ ಖರ್ಚಿಗೆ
ಎಂದು ಎತ್ತಿಟ್ಟದ್ದು.
ಒಂಬತ್ತು ದಿನ ಯಾರಿಗೂ ಹೇಳಿರಲಿಲ್ಲ.

ಫೋನು ತೋರಿಸಿದ. ಓದಿದೆ.
ಅಲ್ಪವಿರಾಮ ಕೂಡ ಇರಬೇಕಾದಲ್ಲೇ ಇತ್ತು.
ನನ್ನ ಜಾಣ ಮಕ್ಕಳೂ ಬರೆಯದಂಥ ಫಿನ್ನಿಶ್,
ಯಾವುದೋ ಯಂತ್ರ ರಾತ್ರೋರಾತ್ರಿ ಕಲಿತದ್ದು.
ಬಾಯಿಗೆ ಬಂದ ಮೊದಲ ಮಾತು (ನಾಚಿಕೆಯಾಗುತ್ತದೆ):
‘ಎಷ್ಟು ಚೆನ್ನಾಗಿದೆ.’

ಬ್ಯಾಂಕಿಗೆ ಫೋನು ಮಾಡಿಸಿದೆ,
ಮೇಲಿನಲ್ಲಿದ್ದ ನಂಬರಿಗಲ್ಲ, ಕಾರ್ಡಿನ ಬೆನ್ನಿಗಿದ್ದದ್ದಕ್ಕೆ.
ಅಳಿಸಿಬಿಡುತ್ತೇನೆ ಎಂದ. ಬೇಡ, ಇರಲಿ, ಎಂದೆ;
ಕಳ್ಳನ ಹೆಜ್ಜೆ ನಾವೇ ಗುಡಿಸಿದರೆ ಹೇಗೆ?
ಠಾಣೆಯವರೆಗೂ ಹಿಮ ಒಂದೇ ಮಾತಾಡಿತು, ಬೂಟಿನಡಿಯಲ್ಲಿ.

ಅಲ್ಲಿದ್ದದ್ದು ಇಪ್ಪತ್ತೈದರ ಹುಡುಗಿ, ಸ್ವೆಟರಿನ ತೋಳು ಮಡಚಿಕೊಂಡು.
‘ಈ ವಾರ ನೀವು ಎಂಟನೆಯವರು’ ಎಂದಳು,
‘ಅವರಲ್ಲೊಬ್ಬರು ವಕೀಲರು.’
ಉರ್ಪೊನ ಭುಜ ಒಂದಂಗುಲ ಕೆಳಗಿಳಿಯಿತು.
ದುಡ್ಡು?
ನೋಡೋಣ, ಎಂದಳು.
ಆ ಮಾತಿಗೆ ಯಾವ ವಿಭಕ್ತಿಯೂ ಹತ್ತುವುದಿಲ್ಲ.

ಮರುದಿನ ಒಗೆಯುವ ಕೋಣೆಯ ಬಾಗಿಲ ಮೇಲೆ
ಪೆನ್ಸಿಲಿನ ದಪ್ಪ ಅಕ್ಷರ:
‘ನನಗೆ ಮೋಸ ಆಯ್ತು. ಬ್ಯಾಂಕು ಮೇಲಲ್ಲಿ ಗುಟ್ಟಿನ ನಂಬರು ಕೇಳಲ್ಲ.
ಯಾರಾದರೂ ಬೇಗ ಬೇಗ ಅಂದರೆ ಕೈ ಹಿಂದೆ ತಗೊಳ್ಳಿ.
ಅನುಮಾನ ಇದ್ದರೆ ಮೂರನೇ ಮಹಡಿಗೆ ಬನ್ನಿ.
ಕಾಫಿ ಇರುತ್ತೆ. ಉರ್ಪೊ.’

ಮೂರು ಕಡೆ ವಿಭಕ್ತಿ ತಪ್ಪು.
ಒಂದು ಪದದ ನಡುವೆ ಅಕ್ಷರವೇ ಬಿದ್ದುಹೋಗಿತ್ತು.
ಕೆಂಪು ಪೆನ್ನು ಜೇಬಿನಲ್ಲೇ ಇತ್ತು.
ಮುಚ್ಚಳ ತೆಗೆದೆ,
ಅವನ ಹೆಸರಿನ ಕೆಳಗೆ
ನನ್ನ ಮನೆಯ ನಂಬರನ್ನೂ ಬರೆದೆ.