ಅರವತ್ತೊಂದನೇ ಪುಟ

ಕುತಾಯಿಸಿಯಲ್ಲಿ ಮೂವತ್ತು ವರ್ಷ ಪತ್ರಿಕೆಯೊಂದರ
ಕರಡು ತಿದ್ದಿದವನು ನಾನು. ಕೆಂಪು ಪೆನ್ಸಿಲ್ಲಿನ ಋಣ
ಇನ್ನೂ ತೀರಿಲ್ಲ. ಮೂರನೇ ಮಹಡಿಯ ತ್ಸಿಯಾಲಾ,
ಹೆರಿಗೆ ಮಾಡಿಸಿ ಮಾಡಿಸಿ ನಿವೃತ್ತಳಾದವಳು, ಕತೆ ಬರೆದಿದ್ದಾಳೆ:
ಚೌಕುಳಿ ಗೆರೆಯ ನೋಟುಬುಕ್ಕು, ನೂರಾ ಹನ್ನೆರಡು ಪುಟ,
ಜೊತೆಗೆ ಒಂದು ತಟ್ಟೆ ಒಣ ಅಂಜೂರ, ಲಂಚ.

ಮೊದಲ ಪುಟದಲ್ಲೇ ಹಿಡಿದೆ.
"ಹಿಮ ಬೀಳತೊಡಗಿದಂತೆ ತೋರಿತು."
ಅಮ್ಮಾ ತಾಯಿ, ಬಿತ್ತೋ ಇಲ್ಲವೋ?
"ಬಿತ್ತು," ಅಂದಳು, "ಮೊಣಕಾಲುದ್ದ."
ಗೆರೆ ಎಳೆದೆ. ಹಿಮ ಬಿತ್ತು, ಮೊಣಕಾಲುದ್ದ.

"ಅವನು ಬಾಗಿಲ ಕಡೆ ಹೋಗಲು ಮುಂದಾದ."
ಹೋದ.
"ಅವಳಿಗೆ ಕೋಪ ಬಂದಿರಬಹುದೇನೋ ಅನ್ನಿಸಿತು."
ಮುಂದಿನ ಸಾಲಿನಲ್ಲಿ ಬಟ್ಟಲು ಗೋಡೆಗೆ ಬಡಿದಿದ್ದಾಳೆ,
ಇನ್ನೂ ಏನು ಅನ್ನಿಸಬೇಕು ನಿನಗೆ?
ಅಂತೆ, ಏನೋ, ಹಾಗೆ, ಬಹುದು:
ಹೊಸಿಲ ಮೇಲೆ ಚಪ್ಪಲಿ ಕಳಚದೆ ನಿಂತು
ಒಳಗೂ ಬಾರದ, ಹೊರಗೂ ಹೋಗದ ನೆಂಟರು.

ನನಗೆ ಗೊತ್ತು ಇವುಗಳ ಜಾತಕ. ಆ ಕಾಲದಲ್ಲಿ
"ಫಸಲು ಹೆಚ್ಚಿರುವುದಾಗಿ ತಿಳಿದುಬಂದಿದೆ"
ಎಂದು ವಾರ ವಾರ ಅಚ್ಚಾಗುತ್ತಿತ್ತು.
ಯಾರಿಗೆ ತಿಳಿಯಿತು, ಎಲ್ಲಿಂದ ಬಂತು, ನಾನು ಕೇಳಲಿಲ್ಲ.
ಅಲ್ಪವಿರಾಮ ಸರಿಮಾಡಿ ಸಂಬಳ ತಗೊಂಡೆ.

ಒಂದಕ್ಕೆ ಮಾತ್ರ ಜಗಳಕ್ಕೆ ಬಂದಳು.
"ನೋವು ಶುರುವಾಗತೊಡಗಿತು."
ಎರಡೆರಡು ಸಲ ಶುರುವೇ ಎಂದು ನಕ್ಕೆ.
"ನೀನು ಹೆತ್ತಿದ್ದೀಯಾ, ಓತಿಯಾ?
ಹದಿನಾಲ್ಕು ಗಂಟೆ ಬರೀ ಶುರುವಾಗುತ್ತಲೇ ಇರುತ್ತದೆ."
ಪದದ ಕೆಳಗೆ ಚುಕ್ಕಿಗಳನ್ನಿಟ್ಟೆ: ಇದು ಹೀಗೇ ಇರಲಿ.
ನಮ್ಮ ಕಸುಬಿನಲ್ಲಿ ಸೋಲೊಪ್ಪುವ ಗುರುತು.

ಅರವತ್ತೊಂದನೇ ಪುಟ. ತೊಂಬತ್ತಮೂರರ ಚಳಿಗಾಲ.
ಊರಿಗೂರೇ ಕರೆಂಟಿಲ್ಲ. ಆಸ್ಪತ್ರೆಯಲ್ಲಿ ಸೀಮೆಎಣ್ಣೆ ದೀಪ,
ನಾಜಿಬ್ರೋಲಾ ಎಂಬವಳ ಚೊಚ್ಚಲ ಹೆರಿಗೆ.
"ಮಗು ಒಮ್ಮೆ ಉಸಿರಾಡಿದಂತೆ ಅನ್ನಿಸಿತು."
ಅಂಜೂರ ಅಗಿಯುತ್ತಲೇ ಕೇಳಿದೆ, ಅದೇ ದನಿಯಲ್ಲಿ,
ಹಿಮದ ಬಗ್ಗೆ ಕೇಳಿದ ಹಾಗೆ:
ಆಡಿತೋ ಇಲ್ಲವೋ?

ತ್ಸಿಯಾಲಾ ಚಹಾದ ಲೋಟ ಕೆಳಗಿಟ್ಟಳು.
ಅಂಗಳದಲ್ಲಿ ಯಾರೋ ಜಮಖಾನ ಬಡಿಯುತ್ತಿದ್ದರು.
ಬಡಿದು ಮುಗಿಸಿದರು. ಸುತ್ತಿದರು. ಒಳಗೆ ಹೋದರು.

ನನ್ನ ಕೈಯಿಂದ ಪೆನ್ಸಿಲು ತೆಗೆದುಕೊಂಡಳು.
ಸಾಲು ಹೊಡೆದುಹಾಕಿ ಮೇಲೆ ಬರೆದಳು:
"ಮಗು ಉಸಿರಾಡಲಿಲ್ಲ."
ಅದರ ಕೆಳಗೆ, ಇನ್ನೂ ಸಣ್ಣಕ್ಷರದಲ್ಲಿ:
"ಒಂದು ಸಲ ಅತ್ತಿತು, ನಿನ್ನದೇ ದನಿ, ಎಂದೆ ಅವಳಿಗೆ."

ಅತ್ತಿತು. ಎಂಥ ಗಟ್ಟಿ ಕ್ರಿಯಾಪದ!
ದೀಪ ಹಿಡಿದು ನಿಂತವಳು ಆ ರಾತ್ರಿ ತಡವರಿಸಿರಲಿಲ್ಲ.
ಅತ್ತಂತಾಯಿತು ಎಂದಿದ್ದರೆ ತಾಯಿ
ಎದ್ದು ಕೂತು ಕೇಳುತ್ತಿದ್ದಳು, ಆಯಿತೋ, ಇಲ್ಲವೋ.
ತಡವರಿಕೆ ಬಂದದ್ದು ಎಷ್ಟೋ ವರ್ಷ ಕಳೆದು,
ಈ ನೋಟುಬುಕ್ಕಿನಲ್ಲಿ, ನಿಜ ಹೇಳಹೊರಟಾಗ.

"ಹೆಸರು ಬದಲಿಸಿದ್ದೇನೆ," ಅಂದಳು. "ಪ್ರತಿ ವರ್ಷ
ಆ ತಾರೀಕಿಗೆ ಅಕ್ರೋಟಿನ ಚಿಕ್ಕಿ ಕಳಿಸುತ್ತಾಳೆ,
ದನಿ ಕೇಳಿದವಳು ನಾನೊಬ್ಬಳೇ ಅಂತ.
ಓದಿದರೆ ಗೊತ್ತಾಗುತ್ತದಾ ಅವಳಿಗೆ?"

ನಾನು ವ್ಯಾಕರಣದ ಮನುಷ್ಯ. ತಟ್ಟೆಯತ್ತ ನೋಡಿದೆ.
ಉಳಿದ ಐವತ್ತೊಂದು ಪುಟ ನಾಳೆ, ಎಂದೆ.

ಮೆಟ್ಟಿಲಿಳಿದು ಬಂದರೆ ತಂಗಿ ಬಾಗಿಲಲ್ಲೇ:
ಹೇಗಿದೆ ಕತೆ?
"ಪರವಾಗಿಲ್ಲ ಅನ್ನಿಸುತ್ತೆ," ಅಂದೆ, "ಚೆನ್ನಾಗಿರಬಹುದು."
ಕೋಟಿನ ಜೇಬು ತಡಕಿದೆ.
ಪೆನ್ಸಿಲು ಅವಳ ಹತ್ತಿರವೇ ಉಳಿದಿತ್ತು.