ಮೂರನೆಯ ಬಟ್ಟಲು

ನಾರ್ಡನ್ ನಿಲ್ದಾಣದ ಹೊರಗೆ ವೀಬ್ಕೆ
ಕಾರಿನ ಗಾಜಿಗೆ ಹಿಡಿದ ಹಿಮ ಕೆರೆಯುತ್ತಿದ್ದಳು.
ಓನೊ ಒಳಗೆ ಕೂತಿದ್ದ,
ತೊಡೆಯ ಮೇಲೆ ನನಗೆಂದು ತಂದ ಹಳೆಯ ಬೂಟು.
“ಮೋಯಿನ್” ಅಂದೆ. ಹಿಂದಿನ ಸೀಟಿನಿಂದ ಮತ್ತೊಮ್ಮೆ ಅಂದೆ.
ಅವನು ತಿರುಗಿದ್ದು ಬಾಗಿಲು ಬಡಿದ ಅದುರಿಗೆ.

ಹನ್ನೊಂದು ವರ್ಷದ ಹಿಂದೆ ಇದೇ ಕಡಲೊಡ್ಡಿನ ಮೇಲೆ
ಕಣ್ಣು ಮುಚ್ಚಿಕೋ ಎಂದು ಗದರಿದವನು ಇವನೇ.
ದುರ್ಬೀನು ಸೋಮಾರಿಗಳಿಗೆ,
ಹಕ್ಕಿ ಮೊದಲು ಕಿವಿಗೆ ಬರುತ್ತೆ,
ಆಮೇಲೆ ಮನಸ್ಸಿದ್ದರೆ ಕಣ್ಣಿಗೆ.
ಅಂದು ಕತ್ತಲಲ್ಲಿ ಹಾದುಹೋದದ್ದಕ್ಕೂ ಹೆಸರು ಹಿಡಿದು
ಹಾಜರಿ ಹಾಕಿದ್ದ.

ಈಗ ಸೊನ್ನೆಗಿಂತ ನಾಲ್ಕು ಕೆಳಗೆ.
ಒಡ್ಡಿನ ಹುಲ್ಲು ಬೂಟಿನಡಿ ಹಪ್ಪಳವಾಗಿ ಮುರಿಯುತ್ತದೆ.
ವಾಯುವ್ಯದ ಗಾಳಿ;
ಮೂಗು ಇದೆಯೇ ಎಂದು ಆಗಾಗ ಮುಟ್ಟಿ ನೋಡಿಕೊಳ್ಳಬೇಕು.
ಆಚೆ ಕಡಲಿಲ್ಲ, ಕಡಲು ಎದ್ದುಹೋದ ಜಾಗ.
ಕಣ್ಣು ಹರಿಯುವಷ್ಟೂ ಕೆಸರು, ಅದರಲ್ಲಿ
ಬಾಗಿದ ಕೊಕ್ಕಿನ ಹಕ್ಕಿಗಳು
ಬಿದ್ದ ಸೂಜಿ ಹುಡುಕುತ್ತಿವೆ.

ಉಬ್ಬರದ ಪಟ್ಟಿ ನೋಡಿ ವೀಬ್ಕೆ ಹೇಳಿದಳು:
ಎರಡು ಗಂಟೆ ಹತ್ತು ನಿಮಿಷಕ್ಕೆ ನೀರು.
ಆಮೇಲೆ, ಅವನು ಮುಂದೆ ನಡೆದಾಗ,
ತನ್ನ ಕಿವಿ ಮುಟ್ಟಿ ಕೈ ಆಡಿಸಿದಳು.
ಮೊದಲು ಹೋದದ್ದು ಸಣ್ಣ ಸದ್ದುಗಳಂತೆ.
ಬೇಲಿಯ ಹಕ್ಕಿಗಳು ಒಂದೊಂದಾಗಿ ನಿಂತವು,
ಏನೋ ರೋಗ ಬಂದಿದೆ ಎಂದು ಒಂದಿಡೀ ವಸಂತ
ಇವನು ಸಂರಕ್ಷಣಾ ಕಚೇರಿಗೆ ಕಾಗದ ಬರೆದ.
ಹಕ್ಕಿಗಳು ಇದ್ದವು.

ಉಪ್ಪುಗಿಡಗಳ ನಡುವಿನಿಂದ, ತೂರಿದ ಹೊಟ್ಟಿನಂತೆ,
ಎದ್ದು ಮತ್ತೆ ಕೂತವು ಹಿಮಗುಬ್ಬಿಗಳು, ಇಪ್ಪತ್ತಾರು.
ಓನೊ ದುರ್ಬೀನು ಇಳಿಸಲಿಲ್ಲ.
“ಕೂಗುತ್ತಿವೆಯಾ?”
“ಹೂಂ.”
“ಹೂಂ ಅಂದರೆ ಹೇಗೆ?”
ಕಿವಿಯ ಹತ್ತಿರ ಹೋಗಿ ಬಾಯಿಗೆ ಬಂದಷ್ಟು ಮಾಡಿದೆ,
ತಿರ್ರಿರ್ರಿ, ನಡುವೆ ಒಂದು ತ್ಯೂ.
“ಅದು ಪುಸ್ತಕದ್ದು,” ಎಂದ. “ನೀನು ಕೇಳಿದ್ದು ಹೇಳು.”

ಕಣ್ಣು ಮುಚ್ಚಿದೆ.
“ಚಿಲ್ಲರೆ,” ಅಂದೆ. “ಬೇರೆ ಯಾರದೋ ಜೇಬಿನಲ್ಲಿ,
ಅವರು ಮೆಟ್ಟಿಲಿಳಿಯುವಾಗ.”
“ಎಷ್ಟಿದೆ?”
“ಒಂದು ಬ್ರೆಡ್ಡಿಗಾಗುವಷ್ಟು.”
ನಕ್ಕ. ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು
ದಿನಚರಿಯಲ್ಲಿ ಬರೆದುಕೊಂಡ, ತಾರೀಖು, ಗಾಳಿ,
ಇಪ್ಪತ್ತಾರು, ಒಂದು ಬ್ರೆಡ್ಡು.

ನೀರು ಬಂದದ್ದು ಕಾಣಲೇ ಇಲ್ಲ.
ಕೆಸರು ಹೊಳೆಯಿತು, ಅಷ್ಟೇ, ಆಮೇಲೆ ಕೆಸರಿರಲಿಲ್ಲ.
ಬಿಳಿಗೆನ್ನೆಯ ಹೆಬ್ಬಾತುಗಳು
ಒಂದು ಮೂಲೆಯಿಂದ ಬಯಲನ್ನೇ ಎತ್ತಿದಂತೆ ಎದ್ದವು.
ಬೊಗಳು, ಜಗಳ, ಸಂತೆ,
ಎದೆಗೂಡಿನ ಒಳಗಿಂದ ಬರುತ್ತಿರುವ ಹಾಗೆ.
“ಇದು ನನಗಿನ್ನೂ ಇದೆ!” ಓನೊ ಕಿರುಚಿದ,
ಎಷ್ಟು ಗಟ್ಟಿಯಾಗಿ ಎಂದು ಅವನಿಗೆ ತಿಳಿಯದೆ.
ಒಡ್ಡಿನ ಕುರಿಗಳೆಲ್ಲ ಮೇಯುವುದು ಬಿಟ್ಟು ನೋಡಿದವು.

ಸಂಜೆ ಅಡುಗೆಮನೆ. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆ,
ಆಮೇಲೆ ಕುದಿವ ಚಹ. ಇಲ್ಲಿ ಚಹ ಕುಡಿಯುವ ಮೊದಲು
ಕೇಳಿಸಿಕೊಳ್ಳುತ್ತಾರೆ: ಸಕ್ಕರೆ ಬಿರಿಯುವ ಚಿಟಿಲ್.
ಮೂವರೂ ತಲೆ ಬಾಗಿಸಿದೆವು. ಅವನು
ನನ್ನ ಮುಖ ನೋಡುತ್ತಿದ್ದ.
ಬಿರಿಯಿತು ಎಂದು ರೆಪ್ಪೆ ಆಡಿಸಿದೆ.

ಕೆನೆಯನ್ನು ಗಡಿಯಾರಕ್ಕೆ ಎದುರಾಗಿ ಬಿಡಬೇಕು, ಕಾಲ ನಿಲ್ಲಲೆಂದು.
ಕಲಕಬಾರದು. ಮೂರು ಬಟ್ಟಲು ಮರ್ಯಾದೆ.
ಸಾಕಾದರೆ ಬಟ್ಟಲಲ್ಲಿ ಚಮಚ ನಿಲ್ಲಿಸಬೇಕು,
ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ.

ನನ್ನ ಚಮಚ ಇನ್ನೂ ತಟ್ಟೆಯಲ್ಲಿತ್ತು.
ಮಾಡಿನ ಮೇಲೆ, ಕತ್ತಲಲ್ಲಿ, ಬಹಳ ಎತ್ತರದಲ್ಲಿ
ಒಂಟಿಯಾಗಿ ಏನೋ ಕೂಗಿ ಹೋಯಿತು.
ಹೆಸರು ನನಗೆ ತಿಳಿಯಲಿಲ್ಲ.
ತಿಳಿದವನು ಕೆನೆ ಬಿಡುತ್ತಿದ್ದ.
ಬಟ್ಟಲು ಇಳಿಸಿ
ಅವನ ತೋಳು ಮುಟ್ಟಿದೆ,
ತುಟಿ ಸರಿಮಾಡಿಕೊಂಡೆ.